ಊರ ಹೂದೋಟದ ಸ್ಪರ್ಧೆ: ಅಂಕ ಕೊಡಬೇಕಾದದ್ದು ಯಾವುದಕ್ಕೆ?

ಕಳೆದ ಮಹಾಸಭೆಯಲ್ಲಿ ಲೆಕ್ಕಪತ್ರಗಳು ಮಂಜೂರಾಗಿ ಎಲ್ಲರೂ ಊಟಕ್ಕೆ ಏಳುವ ಹೊತ್ತಿಗೆ ಸದಸ್ಯರೊಬ್ಬರು ಎದ್ದು ನಿಂತು, "ಸಂಘದ ವತಿಯಿಂದ ಪೇಟೆಯಲ್ಲಿ ಹೂದೋಟದ ಸ್ಪರ್ಧೆ ಅಂತ ಒಂದು ಮಾಡಿದ್ರಲ್ಲ, ಅದು ಯಾಕೆ ನಿಂತುಹೋಯ್ತು?" ಎಂದು ಕೇಳಿದರು. ಉತ್ತರ ಗೊತ್ತಿದ್ದವರು ಸಭೆಯಲ್ಲಿ ಹಲವರಿದ್ದರು. ಯಾರೂ ಬಾಯಿಬಿಡಲಿಲ್ಲ. ಆ ಸ್ಪರ್ಧೆಯ ಅಂಕಪಟ್ಟಿಯನ್ನು ಬರೆದವರು ನಾವೇ ಆದ್ದರಿಂದ ಉತ್ತರ ಹೇಳುವ ಹೊಣೆಯೂ ನಮ್ಮದೇ. ಸ್ಪರ್ಧೆಯನ್ನು ಮತ್ತೆ ನಡೆಸಬೇಕೆಂಬ ಸೂಚನೆ ಆಡಳಿತ ಮಂಡಳಿಯ ಮುಂದೆ ಬಂದಿರುವುದರಿಂದ ಈ ಸಂಚಿಕೆಯ ಅಭ್ಯಾಸ ಲೇಖನಕ್ಕೆ ಇದನ್ನೇ ವಿಷಯವಾಗಿ ಎತ್ತಿಕೊಂಡಿದ್ದೇವೆ. ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಬರೆಯುತ್ತೇವೆಂದು ಹೇಳಿದ್ದು ಮುಂದಿನ ಸಂಚಿಕೆಗೆ ಹೋಯಿತು. ಕ್ಷಮೆಯಿರಲಿ.

ಮೊದಲು ನಮ್ಮ ತಪ್ಪಿನ ಕಥೆಯನ್ನೇ ಹೇಳಿಬಿಡುತ್ತೇವೆ. 2012ರಲ್ಲಿ ನಡೆದ ಆ ಸ್ಪರ್ಧೆಗೆ 100 ಅಂಕಗಳ ಪಟ್ಟಿ ಮಾಡಿದ್ದೆವು. ಹೂವಿನ ಬಣ್ಣ ಮತ್ತು ವೈವಿಧ್ಯಕ್ಕೆ 40, ಒಟ್ಟು ಅಂದಕ್ಕೆ 30, ಅಪರೂಪದ ಗಿಡಗಳಿಗೆ 20, ಶುಚಿತ್ವಕ್ಕೆ 10. ತೀರ್ಪುಗಾರರು ಬರುವ ತಾರೀಕನ್ನು ಹದಿನೈದು ದಿನ ಮೊದಲೇ ಸಾರಿದ್ದೆವು. ತಾರೀಕಿಗೆ ಎರಡು ದಿನವಿರುವಾಗ ಹೂಬಿಟ್ಟ ಕುಂಡಗಳು ಪಿಕಪ್ ವಾಹನಗಳಲ್ಲಿ ನರ್ಸರಿಗಳಿಂದ ಬಂದಿಳಿದವು. ಮೊದಲ ಬಹುಮಾನ ಆಡಳಿತ ಮಂಡಳಿಯ ಸದಸ್ಯರೊಬ್ಬರ ಮನೆಗೆ ಹೋಯಿತು. ತೀರ್ಪುಗಾರರಲ್ಲಿ ಒಬ್ಬರು ಅವರ ಷಡ್ಡಕರು. ಮೋಸವೇನೂ ಆಗಿರಲಿಲ್ಲ. ಪಟ್ಟಿಯ ಪ್ರಕಾರ ಲೆಕ್ಕ ಹಾಕಿದರೆ ಆ ಮನೆಗೇ ಹೆಚ್ಚು ಅಂಕ ಬರುತ್ತಿತ್ತು. ಕೆಟ್ಟದ್ದಾಗಿದ್ದದ್ದು ಪಟ್ಟಿ.

ಬಸ್ ನಿಲ್ದಾಣದ ಎದುರಿನ ವೃತ್ತವನ್ನು ಹಳಬರು ನೆನಪಿಟ್ಟಿರಬಹುದು. ಐದಾರು ಮಂದಿ ಆಟೋ ಚಾಲಕರು ಮತ್ತು ಪಕ್ಕದ ಅಂಗಡಿಯ ಒಬ್ಬ ದರ್ಜಿ ಸೇರಿ ಅಲ್ಲಿ ದಾಸವಾಳ, ಕೇಪಳ, ಗೋರಂಟೆ, ಒಂದು ಸಾಲು ತುಳಸಿ ಹಾಕಿ, ಮೂರು ಬೇಸಿಗೆ ಹೋಟೆಲಿನ ಬಾವಿಯಿಂದ ಎಣ್ಣೆ ಡಬ್ಬಗಳಲ್ಲಿ ನೀರು ಹೊತ್ತು ಉಳಿಸಿದ್ದರು. ನಮ್ಮ ಪಟ್ಟಿಯಲ್ಲಿ ನೀರು ಹೊತ್ತದ್ದಕ್ಕೆ ಕಲಮು ಇರಲಿಲ್ಲ. ಹಲವರು ಕೂಡಿ ಮಾಡಿದ್ದಕ್ಕೂ ಇರಲಿಲ್ಲ, ಮೂರು ವರ್ಷ ಮಾಡಿದ್ದಕ್ಕೂ ಇರಲಿಲ್ಲ. ದಾಸವಾಳ ಅಪರೂಪದ ಗಿಡವಲ್ಲ. ಅವರಿಗೆ 31 ಅಂಕ ಬಂತು, ಮತ್ತು ಆ 31ನ್ನು ನಾವು ಫಲಕದ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಿದೆವು. ಮುಂದಿನ ಬೇಸಿಗೆಯಲ್ಲಿ ಆ ವೃತ್ತಕ್ಕೆ ನೀರು ಬೀಳಲಿಲ್ಲ. ಈಗ ಅಲ್ಲಿ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಬೋರ್ಡುಗಳೂ ಅವುಗಳ ಬುಡದಲ್ಲಿ ಖಾಲಿ ಬಾಟಲಿಗಳೂ ಇವೆ.

ಪಾಯಿಂಟ್ ಎಂಬ ಮಾತು ಕಾಫಿ ಬೆಳೆಗಾರರಿಗೆ ಹೊಸದಲ್ಲ. ಕಾಫಿ ಬೋರ್ಡಿನ ಪೂಲ್ ಪದ್ಧತಿಯಿದ್ದ ಕಾಲದಲ್ಲಿ ನಮ್ಮ ತಂದೆಯವರು ಪಾಯಿಂಟಿನ ಲೆಕ್ಕದ ಮೇಲೆಯೇ ಹಣ ಪಡೆದರು. ಅಡಿಕೆಯಲ್ಲೂ ಅಷ್ಟೇ, ಯಾವ ತರಕ್ಕೆ ದರವಿದೆಯೋ ಆ ತರವನ್ನು ನೋಡಿಯೇ ನಾವು ಕೊನೆ ಕೊಯ್ಯುತ್ತೇವೆ, ಬೇಯಿಸುತ್ತೇವೆ, ಒಣಗಿಸುತ್ತೇವೆ. ಚಾಲಿಗೆ ದರ ಏರಿದ ವರ್ಷ ಕಾಯಿ ಮರದಲ್ಲೇ ಹಣ್ಣಾಗುವವರೆಗೆ ಕಾಯುವವರು ಹೆಚ್ಚುತ್ತಾರೆ. ತೋಟದ ಸ್ಪರ್ಧೆಯಲ್ಲಿಯೂ ಜನ ಅಂಕವಿರುವುದನ್ನೇ ಬೆಳೆಯುತ್ತಾರೆಂಬುದು ನಮಗೆ ಆಗ ಹೊಳೆಯಲಿಲ್ಲ. ಹೀಗಾಗಿ, ಇಂಥ ಸ್ಪರ್ಧೆಗಳನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿರುವ ದೇಶಗಳಲ್ಲಿ ಅಂಕ ಯಾವುದಕ್ಕೆ ಕೊಡುತ್ತಾರೆಂದು ಈ ಮಳೆಗಾಲದಲ್ಲಿ ಕುಳಿತು ಓದಿದೆವು. ಹೆಚ್ಚಾಗಿ ಓದಿದ್ದು ಐರ್ಲೆಂಡಿನದು.

ಐರ್ಲೆಂಡಿನ ಕ್ರಮ

ಐರ್ಲೆಂಡಿನಲ್ಲಿ 'ಟೈಡಿ ಟೌನ್ಸ್', ಅಂದರೆ ಅಚ್ಚುಕಟ್ಟಾದ ಊರು, ಎಂಬ ಸ್ಪರ್ಧೆ 1958ರಲ್ಲಿ ಆರಂಭವಾಯಿತು. ಅದಕ್ಕೆ ಮೊದಲು ಅಲ್ಲಿಯ ಪ್ರವಾಸೋದ್ಯಮ ಮಂಡಳಿಯವರು ಕೆಲವು ವರ್ಷ ವಸಂತಕಾಲದಲ್ಲಿ ಊರು ಗುಡಿಸುವ ಚಳವಳಿ ನಡೆಸಿದ್ದರು. ಬಡ ದೇಶ, ಜನ ಕೆಲಸ ಹುಡುಕಿಕೊಂಡು ಹಡಗು ಹತ್ತುತ್ತಿದ್ದ ಕಾಲ. ಊರು ನೋಡುವಂತಿದ್ದರೆ ಪ್ರವಾಸಿಗಳಾದರೂ ಬಂದಾರು ಎಂಬುದು ಮೂಲ ಲೆಕ್ಕಾಚಾರ. ಮೊದಲ ವರ್ಷ 52 ಊರುಗಳು ಸೇರಿದವು. ಡೊನೆಗಾಲ್ ಜಿಲ್ಲೆಯ ಗ್ಲೆಂಟೀಸ್ ಎಂಬ ಸಣ್ಣ ಪಟ್ಟಣ ಗೆದ್ದಿತು. 1995ರಲ್ಲಿ ಸ್ಪರ್ಧೆ ಅಲ್ಲಿಯ ಪರಿಸರ ಇಲಾಖೆಯ ಕೈಗೆ ಬಂತು, ಆ ವರ್ಷವೂ ಗೆದ್ದದ್ದು ಗ್ಲೆಂಟೀಸೇ. ಕೋವಿಡ್‌ನಿಂದಾಗಿ 2020ರಲ್ಲಿ ಒಂದು ವರ್ಷ ತಪ್ಪಿದ್ದು ಬಿಟ್ಟರೆ ಈಚಿನ ವರ್ಷಗಳಲ್ಲೆಲ್ಲ ನೂರಾರು ಊರುಗಳು ಪಾಲ್ಗೊಂಡಿವೆ.

ಇದರಲ್ಲಿ ಸ್ಪರ್ಧೆಗೆ ಇಳಿಯುವುದು ಮನೆಯಲ್ಲ, ಊರು. ಊರಿನ ಪರವಾಗಿ ಕೆಲಸ ಮಾಡುವುದು ಸಂಬಳವಿಲ್ಲದ ಸ್ವಯಂಸೇವಕರ ಒಂದು ಸಮಿತಿ. ವಾರದ ಒಂದು ಸಂಜೆ ಅಥವಾ ಶನಿವಾರದ ಬೆಳಗ್ಗೆ ಗುದ್ದಲಿ, ಕಸದ ಚೀಲ, ಚಿಮುಟ ಹಿಡಿದು ಸೇರುತ್ತಾರೆ. ನಿವೃತ್ತರು ಹೆಚ್ಚು, ಎಳೆಯರು ಕಡಿಮೆ ಎಂಬ ಕೊರಗು ಅಲ್ಲಿಯೂ ಇದೆ. (ನಮ್ಮ ಮಹಾಸಭೆಯ ಮುಂದಿನ ಸಾಲನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.)

ಅಂಕಪಟ್ಟಿಯಲ್ಲಿ ಎಂಟು ತಲೆಬರಹಗಳಿವೆ. ಊರಿನ ಜನ ಎಷ್ಟು ಮಂದಿ ಸೇರಿದ್ದಾರೆ, ಮುಂದಿನ ವರ್ಷಗಳಿಗೆ ಯೋಜನೆಯೇನು ಎಂಬುದೇ ಮೊದಲನೆಯದು. ಆಮೇಲೆ ಬೀದಿ ಮತ್ತು ಕಟ್ಟಡಗಳು, ಹಸಿರು ಜಾಗಗಳು, ಹಕ್ಕಿಹುಳು ಮೊದಲಾದ ಜೀವಿಗಳ ನೆಲೆ, ಕಸ ಹುಟ್ಟದಂತೆ ನೋಡಿಕೊಳ್ಳುವುದು, ಬಿದ್ದ ಕಸವನ್ನು ಎತ್ತುವುದು, ವಸತಿಯ ಬೀದಿಗಳು, ಕೊನೆಗೆ ಊರನ್ನು ಪ್ರವೇಶಿಸುವ ರಸ್ತೆಗಳು. ನಾವು ಹೂದೋಟ ಎಂದು ಕರೆದದ್ದು ಇಲ್ಲಿ ಎಂಟರಲ್ಲಿ ಒಂದು ಭಾಗ ಮಾತ್ರ. ಊರುಗಳನ್ನು ಜನಸಂಖ್ಯೆಯ ಮೇಲೆ ವರ್ಗ ಮಾಡಿರುವುದರಿಂದ ಇನ್ನೂರು ಜನರಿರುವ ಹಳ್ಳಿ ಜಿಲ್ಲಾ ಕೇಂದ್ರದ ಮುಂದೆ ನಿಂತು ಸೋಲಬೇಕಾಗಿಲ್ಲ. ಒಟ್ಟಾರೆ ಬಹುಮಾನವೂ ಒಮ್ಮೆ 2012ರಲ್ಲಿ ಅಬೀಶ್ರೂಲ್ ಎಂಬ ಪುಟ್ಟ ಹಳ್ಳಿಗೆ ಹೋಗಿದೆ, 2021ರಲ್ಲಿ ಎನ್ನಿಸ್ ಎಂಬ ದೊಡ್ಡ ಪಟ್ಟಣಕ್ಕೆ ಹೋಗಿದೆ.

ಆದರೆ ನಮ್ಮ ಗಮನವನ್ನು ಹಿಡಿದು ನಿಲ್ಲಿಸಿದ್ದು ಬಹುಮಾನಗಳಲ್ಲ, ಎರಡು ನಿಯಮಗಳು.

ಒಂದನೆಯದು, ತೀರ್ಪುಗಾರರು ಹೇಳದೆ ಬರುತ್ತಾರೆ. ಸಮಿತಿಯವರು ಊರಿನ ನಕ್ಷೆಯನ್ನೂ ಮಾಡಿದ ಕೆಲಸದ ವಿವರವನ್ನೂ ಅರ್ಜಿಯ ಜೊತೆ ಮೊದಲೇ ಕಳಿಸಿರಬೇಕು. ಬೇಸಿಗೆಯ ಯಾವುದೋ ಒಂದು ದಿನ ಒಬ್ಬರು ಬಂದು ಆ ನಕ್ಷೆ ಹಿಡಿದು ಊರು ಸುತ್ತಿ ಹೋಗಿರುತ್ತಾರೆ. ಸ್ವಾಗತವಿಲ್ಲ, ಹಾರವಿಲ್ಲ, ಕಾಫಿ ತಿಂಡಿಯಿಲ್ಲ. ಹಿಂದಿನ ದಿನ ಪಿಕಪ್ ವಾಹನದಲ್ಲಿ ಕುಂಡ ತರಿಸುವ ಉಪಾಯ ಅಲ್ಲಿ ನಡೆಯದು.

ಎರಡನೆಯದು, ಸೇರಿದ ಪ್ರತಿಯೊಂದು ಊರಿಗೂ, ಗೆದ್ದರೂ ಸೋತರೂ, ಬರಹದ ವರದಿ ಬರುತ್ತದೆ. ಒಂದೊಂದು ತಲೆಬರಹದ ಕೆಳಗೆ ಹೋದ ವರ್ಷದ ಅಂಕ, ಈ ವರ್ಷದ ಅಂಕ, ಯಾಕೆ ಏರಿತು, ಇನ್ನು ಏನು ಮಾಡಬಹುದು ಎಂದು ಬರೆದಿರುತ್ತದೆ. ಇಂಥ ರಸ್ತೆಯ ಗೋಡೆಗೆ ಬಣ್ಣ ಬೇಕು, ಶಾಲೆಯ ಮುಂದಿನ ಗಿಡಗಳು ಚೆನ್ನಾಗಿವೆ, ನದಿಯ ದಂಡೆಯ ಹುಲ್ಲನ್ನು ಅಷ್ಟು ಬೋಳಿಸಬೇಡಿ, ಹೀಗೆ ಊರನ್ನು ಕಾಲ್ನಡಿಗೆಯಲ್ಲಿ ನೋಡಿದವರ ಮಾತುಗಳು. ಈ ವರದಿಗಳನ್ನು ಯಾರು ಬೇಕಾದರೂ ಓದಬಹುದು. ಅಂಕ ಒಂದು ವರ್ಷಕ್ಕೆ ಏರುವುದು ಕೆಲವೇ ಕೆಲವು. ಆದರೆ ಹಲವು ಸಮಿತಿಗಳವರು ಎದುರು ನೋಡುವುದು ಪದಕವನ್ನಲ್ಲ, ಹೋದ ವರ್ಷಕ್ಕಿಂತ ಎರಡು ಮೂರು ಅಂಕ ಹೆಚ್ಚಾಯಿತೇ ಎಂಬುದನ್ನು. ನಮ್ಮ ಆಟೋ ಚಾಲಕರಿಗೆ ನಾವು 31 ಎಂಬ ಸಂಖ್ಯೆಯನ್ನು ಮಾತ್ರ ಕೊಟ್ಟೆವು. "ಗಿಡಗಳ ಆರೈಕೆ ಪೇಟೆಗೇ ಮೇಲ್ಪಂಕ್ತಿ, ಕಲ್ಲಿನ ಕಟ್ಟೆ ಒಡೆದಿದೆ, ಪಂಚಾಯಿತಿಗೆ ಸಂಘವೇ ಬರೆಯುತ್ತದೆ" ಎಂಬ ಎರಡು ಸಾಲು ಬರೆದುಕೊಟ್ಟಿದ್ದರೆ ಕಾಗದದ ಖರ್ಚು ಎಷ್ಟಾಗುತ್ತಿತ್ತು?

ಒಂದು ಊರಿನ ಉದಾಹರಣೆ ಕೊಡುತ್ತೇವೆ. ಲೀಶ್ ಜಿಲ್ಲೆಯಲ್ಲಿ ಅಬಿಲೀಕ್ಸ್ ಎಂಬ ಊರಿದೆ, ಜನ ಸುಮಾರು 2000. ಡಬ್ಲಿನ್‌ನಿಂದ ಕಾರ್ಕ್‌ಗೆ ಹೋಗುವ ಹಳೆಯ ಹೆದ್ದಾರಿ ಊರಿನ ನಡುಬೀದಿಯಲ್ಲೇ ಹಾದುಹೋಗುತ್ತಿತ್ತು. 2010ರಲ್ಲಿ ಹೊಸ ಹೆದ್ದಾರಿಯಾಗಿ ಲಾರಿಗಳೂ ಹೋದವು, ದಾರಿಹೋಕ ಗಿರಾಕಿಗಳೂ ಹೋದರು. ಬೈಪಾಸ್ ಆದ ಪೇಟೆಯ ವ್ಯಾಪಾರ ಏನಾಗುತ್ತದೆಂದು ನಮ್ಮ ಕಡೆಯವರಿಗೂ ಗೊತ್ತು. ಊರಿನ ಅಂಚಿನಲ್ಲಿ ಸುಮಾರು 500 ಎಕರೆ ಜವುಗು ನೆಲವಿದೆ. ಅಂಥ ನೆಲದಲ್ಲಿ ಸಾವಿರಾರು ವರ್ಷಗಳ ಪಾಚಿ ಕೊಳೆಯದೆ ಕಪ್ಪು ಪದರವಾಗಿ ಕೂತಿರುತ್ತದೆ, ಅದೇ ಪೀಟ್. ಕಡಿದು ಒಣಗಿಸಿ ಉರುವಲಾಗಿ ಸುಡುತ್ತಾರೆ, ನರ್ಸರಿಯ ಕುಂಡಗಳಿಗೂ ತುಂಬುತ್ತಾರೆ. (ನಮ್ಮಲ್ಲಿ ತೆಂಗಿನ ನಾರಿನ ಪುಡಿಗೆ ಕೋಕೋಪೀಟ್ ಎಂಬ ಹೆಸರು ಬಂದದ್ದು ಅದರಿಂದಲೇ.) ಅಲ್ಲಿಯ ಸರಕಾರಿ ಪೀಟ್ ಸಂಸ್ಥೆಯವರು 1980ರ ದಶಕದಲ್ಲಿ ಆ ಜವುಗಿನಲ್ಲಿ ಬಸಿಗಾಲುವೆ ತೋಡಿ ನೀರು ಇಳಿಸಿದ್ದರು. 2000ದಲ್ಲಿ ಪೀಟ್ ಕಡಿಯಲು ಹೊರಟಾಗ ಊರವರು ಅಡ್ಡ ನಿಂತರು. ಬಹಳ ಮಾತುಕತೆಯ ನಂತರ, 2009ರಲ್ಲಿ ಆ ಬಸಿಗಾಲುವೆಗಳಿಗೆ ಅಲ್ಲಲ್ಲಿ ಕಟ್ಟೆ ಹಾಕಿ ನೀರು ನಿಲ್ಲಿಸಲಾಯಿತು. 2012ರಲ್ಲಿ 50 ವರ್ಷಗಳ ಗೇಣಿಗೆ ಆ ನೆಲ ಊರವರ ಕೈಗೆ ಬಂತು. ನಾವು ಅಡಿಕೆ ತೋಟದಲ್ಲಿ ಬಸಿಗಾಲುವೆ ಬಿಡಿಸಿ ಬದುಕುವವರು; ಅಲ್ಲಿ ಅದನ್ನು ಮುಚ್ಚಿದ್ದರಿಂದ ಪಾಚಿ ಮತ್ತೆ ಬೆಳೆಯತೊಡಗಿತು. ಈಗ ಹಲಗೆಯ ಕಾಲುದಾರಿಯಲ್ಲಿ ಜನ ಅದರ ಮೇಲೆ ನಡೆದಾಡುತ್ತಾರೆ.

ಈ ಜವುಗಿನ ಕೆಲಸ ಮಾಡಿದ್ದು ಊರವರದೇ ಇನ್ನೊಂದು ಸಮಿತಿ; ಬೀದಿಯ ಹೂವು, ಕಸ, ಬಣ್ಣದ ಕೆಲಸ ಟೈಡಿ ಟೌನ್ಸ್ ಸಮಿತಿಯದು. 2023ರಲ್ಲಿ ಅಬಿಲೀಕ್ಸ್ ಇಡೀ ದೇಶಕ್ಕೆ ಮೊದಲ ಊರಾಯಿತು. ಜವುಗಿಗೆ ಎಷ್ಟು ಅಂಕ, ಕುಂಡಕ್ಕೆ ಎಷ್ಟು ಅಂಕ ಎಂದು ಬಿಡಿಸಿ ಹೇಳಲು ನಾವು ಹೊರಟಿಲ್ಲ. ಅಂಥ ಕೆಲಸಕ್ಕೂ ಒಂದು ಕಲಮು ಇರುವ ಪಟ್ಟಿ ಅದು ಎಂಬುದಷ್ಟೇ ನಮ್ಮ ಮಾತು.

ಅಲ್ಲಿಯೂ ಎಲ್ಲ ಸರಿಯಿತ್ತೆಂದಲ್ಲ. ಊರು ಅಚ್ಚುಕಟ್ಟಾಗಿ ಕಾಣಬೇಕೆಂಬ ಹುರುಪಿನಲ್ಲಿ ಬೇಲಿಯ ಬುಡಕ್ಕೂ ರಸ್ತೆಯ ಅಂಚಿಗೂ ಕಳೆನಾಶಕ ಹೊಡೆದು ಬೋಳು ಮಾಡುವ ಚಾಳಿ ಬೆಳೆದಿತ್ತು. ದೇಶದಲ್ಲಿರುವ ಸುಮಾರು 100 ಜಾತಿಯ ಕಾಡುಜೇನುಗಳಲ್ಲಿ ಮೂರನೆಯ ಒಂದು ಭಾಗ ಅಳಿವಿನ ಅಂಚಿಗೆ ಬಂದಿದೆಯೆಂದು ತಿಳಿದ ಮೇಲೆ, 2015ರಲ್ಲಿ ಐರ್ಲೆಂಡ್ ದ್ವೀಪಕ್ಕೆಲ್ಲ ಅನ್ವಯಿಸುವ ಪರಾಗಸ್ಪರ್ಶಕ ಯೋಜನೆ ಬಂತು. ಟೈಡಿ ಟೌನ್ಸ್‌ನಲ್ಲಿ ಅದಕ್ಕೆಂದೇ ವಿಶೇಷ ಬಹುಮಾನ ಇಟ್ಟರು. ಹುಲ್ಲನ್ನು ಹೂ ಬಿಡುವವರೆಗೆ ಕೊಯ್ಯಬೇಡಿ, ವರ್ಷವರ್ಷ ಕಿತ್ತೆಸೆಯುವ ಸಸಿಗಳ ಬದಲು ಬಹುವಾರ್ಷಿಕ ಗಿಡ ಹಾಕಿ, ಕಳೆನಾಶಕ ಬಿಡಿ ಎಂಬ ಸಲಹೆಗಳು ಬಂದವು. ವರ್ಷಗಟ್ಟಲೆ ಬೋಳಿಸಿದ ಅಂಚೇ ಅಂದ ಎಂದು ನಂಬಿದ್ದ ಹಿರಿಯರಿಗೆ ಇದು ಸುಲಭವಾಗಿ ಒಗ್ಗಲಿಲ್ಲವೆಂಬುದನ್ನು ಊಹಿಸಬಹುದು. ಅಂಕ ಬದಲಾಯಿತು, ನಿಧಾನವಾಗಿ ಊರಿನ ಅಂಚುಗಳೂ ಬದಲಾದವು.

ಇಂಗ್ಲೆಂಡಿನ ಎರಡು ಮಾತು

ಬ್ರಿಟನ್ನಿನಲ್ಲಿ ಇದೇ ಬಗೆಯ 'ಬ್ರಿಟನ್ ಇನ್ ಬ್ಲೂಮ್' 1964ರಿಂದ ನಡೆದುಬಂದಿದೆ. ರಾಯ್ ಹೇ ಎಂಬ ತೋಟಗಾರಿಕೆಯ ಪತ್ರಕರ್ತರು ಫ್ರಾನ್ಸಿಗೆ ಹೋದಾಗ ಅಲ್ಲಿಯ ಹೂವಿನ ಊರುಗಳ ಸ್ಪರ್ಧೆಯನ್ನು ನೋಡಿ ಬಂದು ಮಾಡಿಸಿದ್ದು. 2002ರಿಂದ ಅದರ ಹೊಣೆ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯದು. 2010ರ ದಶಕದ ಅಂಕಪಟ್ಟಿಯಲ್ಲಿ ಅರ್ಧ ಅಂಕ ತೋಟಗಾರಿಕೆಗೆ, ಕಾಲು ಪರಿಸರಕ್ಕೆ, ಕಾಲು ಜನರ ಪಾಲ್ಗೊಳ್ಳುವಿಕೆಗೆ ಇತ್ತು. ಇಲ್ಲಿ ತೀರ್ಪುಗಾರರು ಬರುವ ದಿನ ಮೊದಲೇ ಗೊತ್ತು, ಸಮಿತಿಯವರೇ ದಾರಿ ತೋರಿಸುತ್ತಾರೆ. ಆದ್ದರಿಂದ ಮೇ ಕೊನೆಯಲ್ಲಿ ಹಿಮದ ಭಯ ಕಳೆದ ಮೇಲೆ ನೆಟ್ಟ ಪೆಟೂನಿಯ, ಬಿಗೋನಿಯಗಳು ಜುಲೈ ತಿಂಗಳಿಗೆ ಸರಿಯಾಗಿ ತುಂಬಿ ನಿಲ್ಲುವಂತೆ ಕೈಚಳಕ ತೋರಿಸಬೇಕು. ತೂಗುಬುಟ್ಟಿಗಳಿಗೆ ಬಿಸಿಲಿನ ದಿನಗಳಲ್ಲಿ ದಿನವೂ ನೀರು ಬೇಕು. 1976ರ ಬರಗಾಲದಂಥ ವರ್ಷಗಳಲ್ಲಿ ಕೊಳವೆಯಿಂದ ನೀರು ಬಿಡುವುದಕ್ಕೇ ನಿಷೇಧ ಬಂದಿತ್ತು. ಹೂಬುಟ್ಟಿಯ ಚೆಲುವೆಲ್ಲ ಕಡೆಗೆ ನೀರಿನ ಡಬ್ಬ ಹೊರುವವನ ರಟ್ಟೆಯ ಮೇಲೆ ನಿಂತಿದೆ. ಅದು ನಮ್ಮ ದರ್ಜಿಗೆ ಮೊದಲೇ ಗೊತ್ತಿತ್ತು.

ಅವರಿಂದ ನಾವು ತೆಗೆದುಕೊಳ್ಳಬಹುದಾದದ್ದು ಎರಡು. ಒಂದು, ಪದಕವನ್ನು ಮಟ್ಟಕ್ಕೆ ಕೊಡುತ್ತಾರೆ. ಮೂರು ಊರು ಚಿನ್ನದ ಮಟ್ಟ ಮುಟ್ಟಿದರೆ ಮೂರಕ್ಕೂ ಚಿನ್ನ. ಎರಡು, 2006ರಿಂದ ಬೀದಿಯ ಸಣ್ಣ ಗುಂಪುಗಳಿಗೆ ಸೋಲುಗೆಲುವಿಲ್ಲದ ಬೇರೆ ವಿಭಾಗವನ್ನೇ ಮಾಡಿದ್ದಾರೆ. ಆರಂಭದ ಹಂತ, ಸುಧಾರಿಸುವ ಹಂತ, ಹೀಗೆ ಯಾವ ಮೆಟ್ಟಿಲಲ್ಲಿದ್ದೀರಿ ಎಂದು ಹೇಳಿ ಬೆನ್ನು ತಟ್ಟಿ ಕಳಿಸುತ್ತಾರೆ. ಸ್ಪರ್ಧೆಯ ಗೋಜಿಗೇ ಹೋಗದವರೂ ಇದ್ದಾರೆ. ಯಾರ್ಕ್‌ಷೈರಿನ ಟಾಡ್‌ಮರ್ಡನ್ ಎಂಬ ಪಟ್ಟಣದಲ್ಲಿ 2008ರಿಂದ ಕೆಲವು ಹೆಂಗಸರು ಮುಂದಾಗಿ ಪೊಲೀಸ್ ಠಾಣೆಯ ಮುಂದೆ, ರೈಲು ನಿಲ್ದಾಣದಲ್ಲಿ ತರಕಾರಿ, ಸೊಪ್ಪು ಬೆಳೆಸಿ, ಬೇಕಾದವರು ಕಿತ್ತುಕೊಂಡು ಹೋಗಿ ಎಂದು ಬಿಟ್ಟರು. ನಮ್ಮಲ್ಲಿ ಹಾಗೆ ಮಾಡಿದರೆ ಮೊದಲು ಬರುವುದು ಮಂಗ ಎಂದು ಮಂಡಳಿಯ ಸಭೆಯಲ್ಲಿ ಒಬ್ಬರು ಹೇಳಿದರು. ನಿಜವೇ.

ನಮ್ಮ ಪಟ್ಟಿ

ಹೊರದೇಶದ ಪಟ್ಟಿಯನ್ನು ಹಾಗೆಯೇ ತಂದು ಅಂಟಿಸಿದರೆ ಕೆಲಸವಾಗದು. ಅವರ ಬೇಸಿಗೆ ಹೂವಿನ ಕಾಲ, ನಮ್ಮ ಬೇಸಿಗೆ ನೀರಿಲ್ಲದ ಕಾಲ. ಜುಲೈಯಲ್ಲಿ ಅವರ ಪೆಟೂನಿಯ ಅರಳಿ ನಿಂತಿರುವಾಗ ನಮ್ಮಲ್ಲಿ ಅದು ಮಳೆಗೆ ಕೊಳೆತು ಹೋಗಿರುತ್ತದೆ. ಆದ್ದರಿಂದ ನಮ್ಮ ಸೂಚನೆಯೇನೆಂದರೆ, ತೀರ್ಪುಗಾರರು ವರ್ಷಕ್ಕೆ ಮೂರು ಸಲ ಹೇಳದೆ ಬರಲಿ. ಮಾರ್ಚ್ ತಿಂಗಳಲ್ಲಿ ಒಮ್ಮೆ, ಯಾರು ನೀರು ಹೊಯ್ದಿದ್ದಾರೆಂದು ಆಗ ಗೊತ್ತಾಗುತ್ತದೆ. ಜಡಿಮಳೆಯ ನಡುವೆ ಒಮ್ಮೆ, ಚರಂಡಿ ಬಿಡಿಸಿದ್ದಾರೆಯೇ, ಕಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯುವುದು ಆಗಲೇ. ಸೇವಂತಿಗೆ, ಚೆಂಡುಹೂ, ಡೇಲಿಯಾಗಳ ಅಂದಕ್ಕೆ ಅಕ್ಟೋಬರದಲ್ಲಿ ಒಮ್ಮೆ. ಕಾಫಿ ಕೊಯ್ಲು ಭರದಿಂದ ನಡೆಯುವಾಗ ಬರುವುದು ಬೇಡ, ಆಗ ಯಾರ ಮನೆಯಲ್ಲೂ ಯಾರೂ ಇರುವುದಿಲ್ಲ. ತೀರ್ಪುಗಾರರು ಪಕ್ಕದ ತಾಲ್ಲೂಕಿನ ಸಂಘದವರಾಗಿರಲಿ. ಅವರ ಊರಿಗೆ ನಾವು ಹೋಗೋಣ. ಷಡ್ಡಕರ ಪ್ರಶ್ನೆ ಅಲ್ಲಿಗೆ ತೀರುತ್ತದೆ.

ಅಂಕಗಳನ್ನು ಹಂಚುವಾಗ ಮಂಡಳಿಯಲ್ಲಿ ವಾದವಾಯಿತು. ಅಂದಕ್ಕೆ 100ರಲ್ಲಿ 10 ಸಾಕೆಂದು ನಾವು ಬರೆದಿದ್ದೆವು. ಹಿರಿಯ ನಿರ್ದೇಶಕರೊಬ್ಬರು, "ಹೂವಿನ ಸ್ಪರ್ಧೆ ಅಂತ ಕರೆದು ಹೂವಿಗೇ ಹತ್ತು ಅಂಕ ಅಂದ್ರೆ ಹೆಂಗಸರು ಯಾರಾದ್ರೂ ಬರ್ತಾರೇನ್ರಿ?" ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಹಳೆಯ ತಪ್ಪಿನಿಂದ ಓಡುತ್ತ ನಾವು ಇನ್ನೊಂದು ತುದಿಗೆ ಹೋಗಿದ್ದೆವು. ಈಗಿನ ಕರಡಿನಲ್ಲಿ ವರ್ಷವಿಡೀ ಆರೈಕೆಗೆ 25, ಎಷ್ಟು ಜನ ಕೂಡಿ ಮಾಡಿದರು ಎಂಬುದಕ್ಕೆ 20, ಅಂದಕ್ಕೆ 20, ನೀರು ಮತ್ತು ಗೊಬ್ಬರದ ಹದಕ್ಕೆ 15, ಶುಚಿತ್ವಕ್ಕೆ 10, ಜೇನು ಮತ್ತು ಹಕ್ಕಿಗಳಿಗೆ ಆಹಾರವಾಗುವ ಗಿಡಗಳಿಗೆ 10. ಮನೆಯ ತೋಟಗಳಿಗೂ ಸಾರ್ವಜನಿಕ ಜಾಗ ನೋಡಿಕೊಳ್ಳುವ ಗುಂಪುಗಳಿಗೂ ಬೇರೆ ಬೇರೆ ವಿಭಾಗ. ಪ್ರತಿಯೊಬ್ಬರಿಗೂ ಕೈಬರಹದಲ್ಲಾದರೂ ಸರಿ, ಒಂದು ಪುಟದ ವರದಿ.

ಜೇನಿನ 10 ಅಂಕ ಬೆಳೆಗಾರರ ಸಂಘಕ್ಕೆ ಅಲಂಕಾರದ ಮಾತಲ್ಲ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಗಾಳಿಯ ಜೊತೆ ಜೇನೂ ಅದನ್ನು ತರುತ್ತದೆ. ಹೂಮಳೆಯಾಗಿ ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಮುಗಿದೂ ಹೋಗುತ್ತದೆ. ಆ ಎರಡು ಮೂರು ದಿನ ನಮಗೆ ಬೇಕಾದ ಜೇನು ವರ್ಷದ ಉಳಿದ ದಿನಗಳಲ್ಲಿ ಏನು ತಿನ್ನಬೇಕು? 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದಲ್ಲೆಲ್ಲ ತುಡುವೆ ಜೇನಿನ ಕುಟುಂಬಗಳು ಸತ್ತಾಗ ಪೆಟ್ಟಿಗೆಗಳು ಖಾಲಿಯಾಗಿ ಅಟ್ಟ ಸೇರಿದ್ದನ್ನು ನಮ್ಮ ವಯಸ್ಸಿನವರು ಕಂಡಿದ್ದೇವೆ. ಪೇಟೆಯ ಬೇಲಿಯಲ್ಲಿ ಹೂ ಬಿಡುವ ತುಳಸಿ, ಗೋರಂಟೆಗಳು ಕಾಫಿಯ ಹೂ ಮುಗಿದ ಮೇಲೆಯೂ ಜೇನನ್ನು ಹತ್ತಿರ ಉಳಿಸಿಕೊಳ್ಳುತ್ತವೆ. ಕಳೆನಾಶಕ ಹೊಡೆದ ಅಂಚಿಗೆ ಶುಚಿತ್ವದ ಅಂಕ ಕೊಡಬಾರದೆಂಬ ಟಿಪ್ಪಣಿಯನ್ನೂ ಕರಡಿಗೆ ಸೇರಿಸಿದ್ದೇವೆ. ಇದಕ್ಕೆ ಸದಸ್ಯರಲ್ಲಿ ವಿರೋಧವಿದೆಯೆಂದು ಬಲ್ಲೆವು. ಬರೆದು ತಿಳಿಸಿರಿ, ಅಚ್ಚು ಮಾಡುತ್ತೇವೆ.

ಈ ಲೇಖನ ಬರೆಯುವ ಮೊದಲು ಬಸ್ ನಿಲ್ದಾಣಕ್ಕೆ ಹೋಗಿದ್ದೆವು. ದರ್ಜಿ ತೀರಿಕೊಂಡು ಎರಡು ವರ್ಷವಾಗಿದೆ, ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ. ಹಳೆಯ ಆಟೋ ಚಾಲಕರಲ್ಲಿ ಇಬ್ಬರು ಸಿಕ್ಕಿದರು. ಹೊಸ ಪಟ್ಟಿಯನ್ನು ಓದಿ ಹೇಳಿ, 31 ಅಂಕದ ವಿಷಯಕ್ಕೆ ನಮ್ಮಿಂದ ತಪ್ಪಾಯಿತೆಂದೂ ಹೇಳಿದೆವು. ಒಬ್ಬರು ನಕ್ಕರು. ಇನ್ನೊಬ್ಬರು ನಗಲಿಲ್ಲ.

"ಅಂಕ ಬಿಡಿ ಸಾರ್. ಹೋಟ್ಲು ಬಾವಿ ಮುಚ್ಚಿ ಕಟ್ಟಡ ಕಟ್ಟಿದ್ದಾರೆ. ಮಾರ್ಚ್ ತಿಂಗ್ಳಲ್ಲಿ ನೀರು ಎಲ್ಲಿಂದ ತರೋದು, ಅದನ್ನ ಹೇಳಿ."

ಸಂಘದ ಗೋದಾಮಿನ ಕೊಳವೆಬಾವಿಯಿಂದ ವೃತ್ತದವರೆಗೆ ಪೈಪು ಎಳೆಯಲು ಸುಮಾರು 140 ಅಡಿ ಬೇಕಾಗುತ್ತದೆ, ರಸ್ತೆ ದಾಟಿಸಲು ಪಟ್ಟಣ ಪಂಚಾಯಿತಿಯ ಒಪ್ಪಿಗೆಯೂ ಬೇಕು. ಅಂದಾಜು ಪಟ್ಟಿ ಮಾಡಿಸಿ ಮುಂದಿನ ತಿಂಗಳ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿದ್ದೇವೆ. ಅಂಕಪಟ್ಟಿಯ ಕರಡು ಅದರ ನಂತರದ ವಿಷಯವಾಗಿ ಬರುತ್ತದೆ.